ರೂಬಿಕಾನ್‌ಗೂ ಮೊದಲು: ರೋಮಿನ ಮೇಲೆ ರೋಮಿನದೇ ಸೈನ್ಯ

ನಮಸ್ಕಾರ. ರೋಮ್ ಗಣರಾಜ್ಯದ ಅವಸಾನ ಎಂದೊಡನೆ ಕ್ರಿ.ಪೂ. 49ರಲ್ಲಿ ಜೂಲಿಯಸ್ ಸೀಸರ್ ಒಂದು ಲೀಜನ್ ಪಡೆಯೊಂದಿಗೆ (ಲೀಜನ್ ಎಂದರೆ ಕೆಲವು ಸಾವಿರ ಸೈನಿಕರ ದಳ) ಇಟಲಿಯ ಗಡಿಯಾಗಿದ್ದ ರೂಬಿಕಾನ್ ಎಂಬ ಸಣ್ಣ ನದಿಯನ್ನು ದಾಟಿದ ಪ್ರಸಂಗವೇ ಹಲವರಿಗೆ ನೆನಪಾಗುತ್ತದೆ. ಆದರೆ ಅದಕ್ಕೆ 39 ವರ್ಷ ಹಿಂದೆಯೇ, ಜನರಿಂದ ಚುನಾಯಿತನಾಗಿ ಅಧಿಕಾರದಲ್ಲಿದ್ದ ಕಾನ್ಸಲ್ (ಗಣರಾಜ್ಯದ ಅತ್ಯುನ್ನತ ಅಧಿಕಾರಿ) ಒಬ್ಬ ಆರು ಲೀಜನ್‌ಗಳೊಂದಿಗೆ ತನ್ನದೇ ನಗರದ ಮೇಲೆ ದಂಡೆತ್ತಿ ಬಂದಿದ್ದ. ಅವನು ಲೂಸಿಯಸ್ ಕಾರ್ನೀಲಿಯಸ್ ಸುಲ್ಲಾ. ಗಣರಾಜ್ಯದ ಬೆನ್ನೆಲುಬು ಮುರಿದದ್ದು ಆಗಲೇ ಎಂಬುದು ನನ್ನ ಅಭಿಪ್ರಾಯ.

[ಪರದೆಯ ಮೇಲೆ: ಇಟಲಿಯ ನಕ್ಷೆ, ರೋಮ್, ನೋಲಾ ಮತ್ತು ಟೈಬರ್ ನದಿ]

ಅರಸೊತ್ತಿಗೆಯನ್ನು ಕಂಡರೆ ಆಗದ ರೋಮನ್ನರು ಅಧಿಕಾರವನ್ನು ಯಾರ ಕೈಯಲ್ಲೂ ಹೆಚ್ಚು ಕಾಲ ನಿಲ್ಲಗೊಡುತ್ತಿರಲಿಲ್ಲ. ಇಬ್ಬರು ಕಾನ್ಸಲ್‌ಗಳು, ಒಂದೇ ವರ್ಷದ ಅವಧಿ, ಒಬ್ಬನ ನಿರ್ಧಾರವನ್ನು ಇನ್ನೊಬ್ಬ ತಡೆಯಬಹುದು. ಸಾಮಾನ್ಯ ಜನರ ಪರವಾಗಿ ನಿಲ್ಲುವ ಹತ್ತು ಮಂದಿ ಟ್ರಿಬ್ಯೂನ್‌ಗಳಲ್ಲಿ ಯಾರೊಬ್ಬ ‘ಬೇಡ’ ಎಂದರೂ ಮಸೂದೆ ಅಲ್ಲಿಗೇ ನಿಲ್ಲುತ್ತಿತ್ತು. ನಗರದ ಪವಿತ್ರ ಎಲ್ಲೆಯೊಳಗೆ ಶಸ್ತ್ರಸಜ್ಜಿತ ಸೈನ್ಯ ಕಾಲಿಡುವಂತಿರಲಿಲ್ಲ. ಈ ಏರ್ಪಾಡು ಬರೆದಿಟ್ಟ ಸಂವಿಧಾನಕ್ಕಿಂತ ಹೆಚ್ಚಾಗಿ ರೂಢಿಯ ಬಲದಿಂದ, ‘ಹಿರಿಯರು ಹೀಗೆ ಮಾಡುತ್ತಿದ್ದರು’ ಎಂಬ ಮರ್ಯಾದೆಯಿಂದ ನಡೆದು ಬಂದಿತ್ತು.

ಆ ಮರ್ಯಾದೆ ಮೊದಲು ಹರಿದದ್ದು ಜಮೀನಿನ ಪ್ರಶ್ನೆಯಲ್ಲಿ. ಕ್ರಿ.ಪೂ. 133ರಲ್ಲಿ ಟ್ರಿಬ್ಯೂನ್ ಆಗಿದ್ದ ಟೈಬೀರಿಯಸ್ ಗ್ರ್ಯಾಕಸ್, ಸಾರ್ವಜನಿಕ ಭೂಮಿಯಲ್ಲಿ ಒಬ್ಬನು ಹಿಡಿದಿಟ್ಟುಕೊಳ್ಳಬಹುದಾದ ಪಾಲಿಗೆ ಈಗಿನ ಲೆಕ್ಕದಲ್ಲಿ ಸುಮಾರು 300 ಎಕರೆಯ ಮಿತಿ ಹಾಕಿ, ಉಳಿದದ್ದನ್ನು ಬಡವರಿಗೆ ಹಂಚಲು ಹೊರಟ. ಜೊತೆಯ ಟ್ರಿಬ್ಯೂನ್ ಒಬ್ಬ ಅದಕ್ಕೆ ತಡೆಯೊಡ್ಡಿದಾಗ ಜನಸಭೆಯ ಮತದಿಂದ ಅವನನ್ನೇ ಹುದ್ದೆಯಿಂದ ಇಳಿಸಿದ. ಇದು ಹಿಂದೆಂದೂ ನಡೆಯದ ಕೆಲಸವಾಗಿತ್ತು. ಪ್ರತಿಷ್ಠಿತರ ಹಿರಿಯ ಸಭೆಯಾದ ಸೆನೆಟಿನವರ ಉತ್ತರ ಇನ್ನೂ ಘೋರವಾಗಿತ್ತು. ಅವರು ಮತ್ತು ಅವರ ಕಡೆಯವರು ಮುರಿದ ಬೆಂಚುಗಳ ಕಾಲು, ದೊಣ್ಣೆ ಹಿಡಿದು ಬಂದು ಗ್ರ್ಯಾಕಸ್‌ನನ್ನೂ ಅವನ ಸುಮಾರು 300 ಬೆಂಬಲಿಗರನ್ನೂ ಬಡಿದು ಕೊಂದು, ಹೆಣಗಳನ್ನು ಟೈಬರ್ ನದಿಗೆ ಎಸೆದರು. ಹನ್ನೆರಡು ವರ್ಷಗಳ ನಂತರ ಅವನ ತಮ್ಮ ಗಾಯಸ್‌ಗೂ ಇದೇ ಗತಿಯಾಯಿತು.

ಇಷ್ಟಾದರೂ ಅದು ಬೀದಿ ಕಾಳಗವೇ ಆಗಿತ್ತು. ಸೈನ್ಯ ಇನ್ನೂ ಊರ ಹೊರಗಿತ್ತು. ಸೈನ್ಯದ ಸ್ವರೂಪವೇ ಬದಲಾದದ್ದು ಮುಂದಿನ ಮಾತು. ಮೊದಲು ಸ್ವಂತ ಆಸ್ತಿಯಿದ್ದವನಷ್ಟೇ ಸೈನಿಕನಾಗುತ್ತಿದ್ದ. ಆ ಮಟ್ಟವನ್ನು ಆಗಾಗ ಇಳಿಸುತ್ತ ಬಂದಿದ್ದರೂ, ಕ್ರಿ.ಪೂ. 107ರಲ್ಲಿ ಕಾನ್ಸಲ್ ಗಾಯಸ್ ಮಾರಿಯಸ್ ಏನೂ ಇಲ್ಲದವರನ್ನು ಸಹ ತನ್ನ ಪಡೆಗೆ ಸೇರಿಸಿಕೊಂಡ. ಹೊಲವಿಲ್ಲದವನು ಯುದ್ಧ ಮುಗಿದ ಮೇಲೆ ಹೋಗುವುದೆಲ್ಲಿಗೆ? ನಿವೃತ್ತನಿಗೆ ಜಮೀನು ಕೊಡುವ ಖಾಯಂ ವ್ಯವಸ್ಥೆ ಸರ್ಕಾರದ ಬಳಿ ಇರಲಿಲ್ಲ. ಆದ್ದರಿಂದ ಅವನು ಸೆನೆಟಿನ ಕಡೆಗಲ್ಲ, ತನ್ನ ದಂಡನಾಯಕನ ಕಡೆಗೆ ನೋಡತೊಡಗಿದ.

[ಪರದೆಯ ಮೇಲೆ: ಕ್ರಿ.ಪೂ. 88, ನೋಲಾದ ಪಾಳೆಯ]

ಕ್ರಿ.ಪೂ. 88ರಲ್ಲಿ ಕಪ್ಪು ಸಮುದ್ರದ ದಡದ ಪಾಂಟಸ್‌ನ ರಾಜ ಮಿಥ್ರಿಡೇಟೀಸ್‌ನ ವಿರುದ್ಧದ ಯುದ್ಧದ ನಾಯಕತ್ವ ಕಾನ್ಸಲ್ ಸುಲ್ಲಾನ ಪಾಲಿಗೆ ಬಂದಿತ್ತು. ಪೂರ್ವದ ಯುದ್ಧವೆಂದರೆ ಕೈತುಂಬ ಕೊಳ್ಳೆ. ಆಗ ಸುಲ್ಪಿಸಿಯಸ್ ಎಂಬ ಟ್ರಿಬ್ಯೂನ್ ಜನಸಭೆಯಲ್ಲಿ ಮತ ಹಾಕಿಸಿ, ಆ ನಾಯಕತ್ವವನ್ನು ಸುಮಾರು ಎಪ್ಪತ್ತರ ಹೊಸ್ತಿಲಲ್ಲಿದ್ದ ಮಾರಿಯಸ್‌ಗೆ ವರ್ಗಾಯಿಸಿಬಿಟ್ಟ. ಸುಲ್ಲಾ ನೋಲಾದ ಪಾಳೆಯಕ್ಕೆ ಹೋಗಿ ಸೈನಿಕರ ಮುಂದೆ ತನಗಾದ ಅವಮಾನವನ್ನು ಹೇಳಿಕೊಂಡ. ಮಾರಿಯಸ್ ಬೇರೆಯವರನ್ನು ಕರೆದೊಯ್ದರೆ ಕೊಳ್ಳೆ ತಮ್ಮ ಕೈತಪ್ಪುತ್ತದೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಪಡೆಯನ್ನು ವಶಕ್ಕೆ ಪಡೆಯಲು ಬಂದ ಮಾರಿಯಸ್‌ನ ಅಧಿಕಾರಿಗಳನ್ನು ಅವರು ಕಲ್ಲು ಹೊಡೆದು ಕೊಂದರು. ಸುಲ್ಲಾ ರೋಮಿನತ್ತ ಹೊರಟಾಗ, ಒಬ್ಬ ಕ್ವೀಸ್ಟರ್‌ನ (ಹಣಕಾಸು ನೋಡಿಕೊಳ್ಳುವ ಅಧಿಕಾರಿ) ಹೊರತಾಗಿ ಅವನ ಹಿರಿಯ ಅಧಿಕಾರಿಗಳೆಲ್ಲ ಈ ಪಾಪ ಬೇಡವೆಂದು ಅವನನ್ನು ಬಿಟ್ಟುಹೋದರು. ಸಾಮಾನ್ಯ ಸೈನಿಕರು ಮಾತ್ರ ಅವನ ಹಿಂದೆಯೇ ನಡೆದರು.

ನಗರದ ಜನ ಮನೆಗಳ ಮೇಲಿನಿಂದ ಹೆಂಚು, ಕಲ್ಲು ತೂರಿದರು. ಮನೆಗಳಿಗೆ ಬೆಂಕಿ ಹಚ್ಚಿರೆಂದು ಸುಲ್ಲಾ ಆಜ್ಞೆ ಮಾಡಿದ. ಸುಲ್ಪಿಸಿಯಸ್ ಹತನಾದ, ಮಾರಿಯಸ್ ಆಫ್ರಿಕಕ್ಕೆ ಓಡಿದ. ಸುಲ್ಲಾ ಪೂರ್ವಕ್ಕೆ ಹೋದದ್ದೇ ತಡ, ಮರುವರ್ಷ ಮಾರಿಯಸ್ ಮತ್ತು ಆ ವರ್ಷದ ಕಾನ್ಸಲ್ ಸಿನ್ನಾ ಅದೇ ದಾರಿಯಲ್ಲಿ ರೋಮನ್ನು ಗೆದ್ದು ತಮ್ಮ ವಿರೋಧಿಗಳ ತಲೆ ಕಡಿದರು.

ಕ್ರಿ.ಪೂ. 82ರಲ್ಲಿ ಮತ್ತೆ ರೋಮನ್ನು ಗೆದ್ದ ಸುಲ್ಲಾ ಅವಧಿಯ ಮಿತಿಯೇ ಇಲ್ಲದ ಸರ್ವಾಧಿಕಾರಿಯಾದ. ಹಳೆಯ ಪದ್ಧತಿಯಲ್ಲಿ ಆ ಹುದ್ದೆಗೆ ಆರೇ ತಿಂಗಳ ಆಯುಷ್ಯ. ಕೊಲ್ಲಬೇಕಾದವರ ಹೆಸರುಗಳನ್ನು ಸಾರ್ವಜನಿಕ ಹಲಗೆಯ ಮೇಲೆ ಬರೆಸಿದ. ತಲೆ ತಂದವನಿಗೆ ಬಹುಮಾನ, ಸತ್ತವನ ಆಸ್ತಿ ಹರಾಜು, ಅವನ ಮಕ್ಕಳು ಮೊಮ್ಮಕ್ಕಳಿಗೆ ಅಧಿಕಾರದ ಬಾಗಿಲು ಬಂದ್. ವಿಚಿತ್ರವೆಂದರೆ ಇದೇ ಮನುಷ್ಯ ಗಣರಾಜ್ಯವನ್ನು ದುರಸ್ತಿ ಮಾಡುತ್ತಿದ್ದೇನೆಂದು ಪ್ರಾಮಾಣಿಕವಾಗಿ ನಂಬಿದ್ದಂತೆ ಕಾಣುತ್ತದೆ. ಸೆನೆಟನ್ನು ಹಿಗ್ಗಿಸಿದ, ಟ್ರಿಬ್ಯೂನ್‌ಗಳ ಕೈ ಕಟ್ಟಿದ, ಯಾವ ಹುದ್ದೆಯಾದ ಮೇಲೆ ಯಾವ ಹುದ್ದೆ, ಯಾವ ವಯಸ್ಸಿಗೆ ಎಂಬುದನ್ನು ಕಾನೂನಿನಲ್ಲಿ ಬಿಗಿದ, ಆಮೇಲೆ ತಾನಾಗಿಯೇ ಅಧಿಕಾರ ಬಿಟ್ಟು ಕ್ರಿ.ಪೂ. 78ರಲ್ಲಿ ತೀರಿಕೊಂಡ.

ಅವನು ಸತ್ತ ಮೇಲೆ ಆ ಬಿಗಿ ಎಂಟು ವರ್ಷವಷ್ಟೇ ಉಳಿಯಿತು. ಸುಲ್ಲಾನ ನೆರಳಿನಲ್ಲೇ ಬೆಳೆದ ದಂಡನಾಯಕ ಪಾಂಪೆ, ಕೆಳಗಿನ ಒಂದು ಹುದ್ದೆಯನ್ನೂ ವಹಿಸದೆ, ಬೆನ್ನ ಹಿಂದಿನ ಸೈನ್ಯದ ಬಲದಿಂದ ಕ್ರಿ.ಪೂ. 70ರಲ್ಲಿ ನೇರವಾಗಿ ಕಾನ್ಸಲ್ ಆಗಿ, ಟ್ರಿಬ್ಯೂನ್‌ಗಳ ಅಧಿಕಾರವನ್ನು ಮರಳಿಸಿದ. ಸೆನೆಟಿನಲ್ಲಿ ಎಂದೂ ಕುಳಿತವನಲ್ಲದ ಕಾರಣ, ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ತಿಳಿಯಲು ವಿದ್ವಾಂಸ ವ್ಯಾರೋನಿಂದ ಒಂದು ಕೈಪಿಡಿ ಬರೆಸಿಕೊಳ್ಳಬೇಕಾಯಿತಂತೆ!

ಕ್ರಿ.ಪೂ. 49ರಲ್ಲಿ ಸೀಸರ್ ನದಿ ದಾಟಿದಾಗ ಸೆನೆಟು ಗಣರಾಜ್ಯದ ರಕ್ಷಣೆಯನ್ನು ಒಪ್ಪಿಸಿದ್ದು ಇದೇ ಪಾಂಪೆಗೆ. ಅವನು ಆ ದಿನಗಳಲ್ಲಿ ಪದೇ ಪದೇ ಆಡುತ್ತಿದ್ದ ಮಾತೊಂದನ್ನು ವಾಗ್ಮಿ ಸಿಸೆರೋ ತನ್ನ ಗೆಳೆಯ ಅಟಿಕಸ್‌ಗೆ ಬರೆದ ಪತ್ರದಲ್ಲಿ ದಾಖಲಿಸಿದ್ದಾನೆ: “ಸುಲ್ಲಾನಿಂದ ಆಯಿತು, ನನ್ನಿಂದ ಆಗದೆ?”