ಮುಜಂಟಿ ಜೇನಿನ ಗಂಡು ಹುಳ

ಕೇಳುಗರಿಗೆ ನಮಸ್ಕಾರ. ಗೋಡೆಯ ಬಿರುಕಿನಲ್ಲೋ ಕರೆಂಟಿನ ಮೀಟರ್ ಪೆಟ್ಟಿಗೆಯೊಳಗೋ ಗೂಡು ಮಾಡಿ, ಬಾಗಿಲಿಗೆ ಮೇಣ ಮತ್ತು ಮರದ ಅಂಟಿನ ಪುಟ್ಟ ಕೊಳವೆ ಕಟ್ಟಿಕೊಳ್ಳುವ ಕಪ್ಪು ಜೇನನ್ನು ನೀವೆಲ್ಲ ಬಲ್ಲಿರಿ. ಕರಾವಳಿಯವರಿಗೆ ಅದು ಮುಜಂಟಿ, ಮಲೆನಾಡಿನ ಕೆಲವೆಡೆ ಮಿಸ್ರಿ. ಉದ್ದ ನಾಲ್ಕು ಮಿಲಿಮೀಟರಿನ ಆಸುಪಾಸು, ಕುಟುಕಲಾರದು. ಇಂಗ್ಲೆಂಡಿನ ಕೀಟತಜ್ಞ ಫ್ರೆಡರಿಕ್ ಸ್ಮಿತ್ 1854ರಲ್ಲಿ ಸಿಂಹಳದ ಹುಳುಗಳಿಗೆ ಇಟ್ಟ ‘ಇರಿಡಿಪೆನ್ನಿಸ್’ ಎಂಬ ಹೆಸರನ್ನೇ ನಾವು ಬಹುಕಾಲ ನಮ್ಮ ಊರೂರಿನ ಗೂಡುಗಳಿಗೂ ಅಂಟಿಸುತ್ತ ಬಂದೆವು.

ನಾನು ಹೇಳಬೇಕಾದದ್ದು ಒಂದೇ ಮಾತು: ಹೆಸರಿಡುವ ಮೊದಲು ಗಂಡು ಹುಳವನ್ನು ನೋಡಿ.

ಪುತ್ತೂರಿನ ಬಳಿಯ ತೋಟವೊಂದರಲ್ಲಿ ವೃದ್ಧ ಕೃಷಿಕರೊಬ್ಬರು ನನಗೆ ಎರಡು ಗೂಡು ತೋರಿಸಿ, “ಇವು ಎರಡು ಜಾತಿ ಮಾರಾಯ್ರೇ, ಒಂದರ ಬಾಗಿಲು ಉದ್ದ, ಇನ್ನೊಂದರದ್ದು ಗಿಡ್ಡ, ಬಣ್ಣವೂ ಬೇರೆ” ಎಂದರು. ನಾನೂ ನಂಬಿದೆ. ಎರಡರಿಂದಲೂ ಕೆಲಸಗಾರ ಜೇನುಗಳನ್ನು ತಂದು, ಹೊಸ ಪ್ರಭೇದವೇ ಸಿಕ್ಕಿತೆಂಬ ಆಸೆಯಲ್ಲಿ ಒಂದಿಡೀ ಮಳೆಗಾಲ ಸೂಕ್ಷ್ಮದರ್ಶಕದ ಮುಂದೆ ಕುಳಿತೆ. ಆಗತಾನೇ ಹೊರಬಂದ ಎಳೆಯ ಜೇನು ಮಾಸಲಾಗಿದ್ದು ಆಮೇಲೆ ಕಪ್ಪಾಗುತ್ತದೆ ಎಂಬ ಸರಳ ಸಂಗತಿಯನ್ನು ನಾನೇ ಮರೆತಿದ್ದೆ! ಬೇಸಿಗೆಯಲ್ಲಿ ಮತ್ತೆ ಹೋದಾಗ, ಗೂಡಿನಿಂದ ಎರಡು ಮಾರು ದೂರದ ಬಟ್ಟೆ ಒಣಗಿಸುವ ತಂತಿಯ ಮೇಲೆ ಗಂಡುಗಳು ಮಣಿ ಪೋಣಿಸಿದಂತೆ ಕುಳಿತು ರಾಣಿಗಾಗಿ ಕಾಯುತ್ತಿದ್ದವು. ತಲೆಯ ಕುಡಿಮೀಸೆಯಲ್ಲಿ ಹೆಣ್ಣಿಗೆ ಹನ್ನೆರಡು ಗೆಣ್ಣು, ಇವಕ್ಕೆ ಹದಿಮೂರು. ಇನ್ನೊಂದು ಗೂಡಿನ ಗಂಡುಗಳಿಗಾಗಿ ಹನ್ನೊಂದು ದಿನ ಕಾದೆ. ಹೊಟ್ಟೆಯ ತುದಿಯನ್ನು ಮೆದು ಭಾಗ ಕರಗಿಸುವ ಕಾಸ್ಟಿಕ್ ಪೊಟ್ಯಾಶಿನ ದ್ರಾವಣದಲ್ಲಿ ನೆನೆಸಿ, ಜಾತಿಯ ಗುರುತು ಹೇಳುವ ಜನನಾಂಗವನ್ನು ಬಿಡಿಸಿ ಗ್ಲಿಸರಿನ್ ಹನಿಯಲ್ಲಿಟ್ಟು ನೋಡಿದರೆ, ಎರಡೂ ಒಂದೇ ಅಚ್ಚು, ಅಂದರೆ ಒಂದೇ ಜಾತಿ. ಅಜ್ಜನವರಿಗೆ ಅದನ್ನು ತಿಳಿಸಿದೆ. ಅವರು ಇಂದಿಗೂ ಒಪ್ಪಿಲ್ಲ.

ಜಪಾನಿನ ಕೀಟತಜ್ಞ ಷೋಇಚಿ ಸಕಗಾಮಿ 1978ರಲ್ಲೇ ಈ ಗುಂಪಿನ ವರ್ಗೀಕರಣವನ್ನು ಪರಿಷ್ಕರಿಸಿದಾಗ ಗಂಡುಗಳ ಮಹತ್ವವನ್ನು ತೋರಿಸಿದ್ದರು. ಇತ್ತೀಚೆಗೆ ಧಾರವಾಡದ ಕೀಟತಜ್ಞ ಶಶಿಧರ ವಿರಕ್ತಮಠ ಮತ್ತು ಸಂಗಡಿಗರು ಭಾರತದ ಹೊಸ ಪ್ರಭೇದಗಳನ್ನು ವರ್ಣಿಸಿದ್ದಾರೆ. ಹೀಗಿದ್ದೂ ಬಾಗಿಲಿನ ಉದ್ದ ಅಳೆದು ಹೊಸ ಜಾತಿ ಎನ್ನುವವರನ್ನು ಕಂಡರೆ, ಕ್ಷಮಿಸಿ, ನನಗೆ ತಾಳ್ಮೆ ತಪ್ಪುತ್ತದೆ.

ಡಿಎನ್‌ಎ ಪರೀಕ್ಷೆಯ ಬಗ್ಗೆಯೂ ಹೇಳಬೇಕೆಂದು ಬಂದಿದ್ದೆ. ನನಗೆ ಕೊಟ್ಟ ಹೊತ್ತು ಮುಗಿಯುತ್ತಿದೆ. ನಿಮ್ಮ ಮನೆಯ ಗೂಡಿನ ಬಳಿ ಹೀಗೆ ಸಾಲುಗಟ್ಟಿದ ಗಂಡುಗಳು ಕಂಡರೆ ನಾಲ್ಕನ್ನು ಸ್ಪಿರಿಟ್ ಇರುವ ಸಣ್ಣ ಶೀಶೆಗೆ ಹಾಕಿ, ಊರು ಮತ್ತು ತಾರೀಖು ಬರೆದ ಚೀಟಿಯನ್ನು ಒಳಗಿಟ್ಟು, ಹತ್ತಿರದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೆ ತಲುಪಿಸಿ. ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಸ್ಪಿರಿಟ್ಟಿನಲ್ಲಿ ಕರಗಿಹೋಗುತ್ತದೆ. ನಮಸ್ಕಾರ.