ಕಣಜ ತುಂಬಿದ ನಾಡಿನ ಸಣ್ಣ ಊರು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿರುವ ಅಯೋವಾ ರಾಜ್ಯದಲ್ಲಿ ಸ್ವಂತ ಸ್ಥಳೀಯಾಡಳಿತ ಹೊಂದಿರುವ ಊರುಗಳು 900ಕ್ಕೂ ಹೆಚ್ಚಿವೆ. ಅವುಗಳಲ್ಲಿ ಬಹುಪಾಲು ಊರುಗಳ ಜನಸಂಖ್ಯೆ ಒಂದು ಸಾವಿರವನ್ನೂ ಮುಟ್ಟುವುದಿಲ್ಲ. ಅಂಥ ಒಂದು ಊರಿನಲ್ಲಿ ನನ್ನ ಮನೆಯಿದೆ. ಕೆಲವು ಮೈಲಿ ಆಚೆ, ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದ, ಕೇಂದ್ರದಲ್ಲಿರುವ ಸಣ್ಣ ಆಸ್ಪತ್ರೆಯಲ್ಲಿ ನಾನು ವೈದ್ಯೆಯಾಗಿದ್ದೇನೆ. ನಾಲ್ಕೂ ದಿಕ್ಕಿಗೆ ಮೆಕ್ಕೆಜೋಳ ಮತ್ತು ಸೋಯಾಬೀನ್ ಹೊಲಗಳು, ಊರಿನ ಹೆಸರು ಬರೆದ ಎತ್ತರದ ನೀರಿನ ಟ್ಯಾಂಕು, ಎರಡು ಚರ್ಚು, ಒಂದು ಅಂಚೆ ಕಚೇರಿ, ಒಂದು ಬ್ಯಾಂಕು, ಬೆಳಗಿನ ಕಾಫಿಗೆ ಹಿರಿಯ ರೈತರು ಸೇರುವ ಒಂದು ಹೋಟೆಲು, ಇವಿಷ್ಟು ಸೇರಿದರೆ ಊರು ಮುಗಿಯಿತು. ಇಲ್ಲಿನ ಬದುಕಿನಲ್ಲಿ ನನ್ನನ್ನು ಬಿಡದೆ ಕಾಡಿರುವ ವಿಷಯ ಒಂದೇ. ಊರಿನ ಸಾರ್ವಜನಿಕ ಕೆಲಸಗಳಲ್ಲಿ ಹೆಚ್ಚಿನವನ್ನು ನೆರೆಹೊರೆಯವರೇ ಸಂಬಳವಿಲ್ಲದೆ ಹೊತ್ತು ನಡೆಸುತ್ತಾರೆ. ಆದರೆ ಇಲ್ಲಿನ ಬೇಸಾಯ ಗೆಲ್ಲುತ್ತ ಹೋದಂತೆಲ್ಲ ಆ ನೆರೆಹೊರೆಯವರೇ ಕಡಿಮೆಯಾಗುತ್ತಿದ್ದಾರೆ.

ಕರ್ನಾಟಕದಲ್ಲಿ ವೈದ್ಯಕೀಯ ಓದಿದವರು ಇಂಥ ಊರಿಗೆ ಬಂದು ಸೇರುವುದಕ್ಕೆ ಒಂದು ಕಾನೂನಿನ ಹಿನ್ನೆಲೆಯಿದೆ. ಜೆ-1 ಎಂಬ ವೀಸಾದ ಮೇಲೆ ಅಮೆರಿಕಕ್ಕೆ ಬಂದು ತರಬೇತಿ ಪಡೆದ ವಿದೇಶಿ ವೈದ್ಯರು, ತರಬೇತಿ ಮುಗಿದೊಡನೆ ಎರಡು ವರ್ಷದ ಮಟ್ಟಿಗೆ ಸ್ವದೇಶಕ್ಕೆ ಮರಳಬೇಕು. ನಾರ್ತ್ ಡಕೋಟ ರಾಜ್ಯದ ಸೆನೆಟರ್ ಕೆಂಟ್ ಕಾನ್ರಾಡ್ ಅವರ ಪ್ರಯತ್ನದಿಂದ 1994ರಲ್ಲಿ ಬಂದ ಏರ್ಪಾಡಿನ ಪ್ರಕಾರ, ವೈದ್ಯರ ಕೊರತೆಯಿರುವ ಸ್ಥಳದಲ್ಲಿ ಮೂರು ವರ್ಷ ಕೆಲಸ ಮಾಡಲು ಒಪ್ಪಿದವರಿಗೆ ಆ ನಿಯಮದಿಂದ ವಿನಾಯಿತಿ ದೊರೆಯುತ್ತದೆ. ಇಂದು ಪ್ರತಿ ರಾಜ್ಯವೂ ವರ್ಷಕ್ಕೆ 30 ವೈದ್ಯರನ್ನು ಹೀಗೆ ಉಳಿಸಿಕೊಳ್ಳಬಹುದು. ಹಲವರು ಮೂರು ವರ್ಷ ಮುಗಿಸಿ ದೊಡ್ಡ ನಗರಗಳಿಗೆ ಹೊರಟುಹೋಗುತ್ತಾರೆ, ಅದನ್ನು ತಪ್ಪೆನ್ನಲಾಗದು. ನಾನು ಉಳಿದುಕೊಂಡೆ. ಯಾಕೆ ಉಳಿದೆನೆಂಬುದು ಮುಂದಿನ ಮಾತುಗಳಿಂದ ತಿಳಿದೀತು.

ಈ ನಾಡಿನ ನೆಲವನ್ನು ಜನ ಬಂದು ನೆಲೆಸುವ ಮೊದಲೇ ಕಾಗದದ ಮೇಲೆ ಅಳೆದು ಹಂಚಲಾಗಿತ್ತು. 1785ರ ಭೂ ಶಾಸನದಂತೆ ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕವೊಂದು ಟೌನ್‌ಶಿಪ್. ಅದರೊಳಗೆ ಒಂದೊಂದು ಚದರ ಮೈಲಿಯ, ಅಂದರೆ 640 ಎಕರೆಯ, 36 ಭಾಗಗಳು. ಅವುಗಳಲ್ಲಿ 16ನೆಯದು ಶಾಲೆಯ ಖರ್ಚಿಗೆ ಮೀಸಲು. 1862ರ ಹೋಮ್‌ಸ್ಟೆಡ್ ಕಾನೂನು ಐದು ವರ್ಷ ನೆಲೆನಿಂತು ಉತ್ತವರಿಗೆ 160 ಎಕರೆ ಕೊಟ್ಟಿತು. ಈ ಚೌಕಗಳಲ್ಲಿ ಮೂಲನಿವಾಸಿಗಳಿಗೆ ಜಾಗವಿರಲಿಲ್ಲ, ಅವರನ್ನು ಒಪ್ಪಂದಗಳ ಹೆಸರಿನಲ್ಲಿ ಪಶ್ಚಿಮಕ್ಕೆ ತಳ್ಳಲಾಗಿತ್ತು ಎಂಬುದನ್ನು ಹೇಳದೆ ಈ ಚರಿತ್ರೆಯನ್ನು ಹೇಳಲಾಗದು. ಆಮೇಲೆ ರೈಲು ಬಂದಿತು. ಕುದುರೆಗಾಡಿಯಲ್ಲಿ ಕಾಳು ತುಂಬಿಕೊಂಡು ಹೋಗಿ, ಇಳಿಸಿ, ಕತ್ತಲಾಗುವುದರೊಳಗೆ ಮನೆಗೆ ಮರಳಲು ಆಗುವಷ್ಟು ದೂರಕ್ಕೊಂದರಂತೆ ಹಳಿಯುದ್ದಕ್ಕೂ ಊರುಗಳು ಹುಟ್ಟಿದವು. ಕುದುರೆಗಾಡಿ ಹೋಗಿ ಲಾರಿ ಬಂದ ಮೇಲೆ ಅಷ್ಟು ಹತ್ತಿರ ಹತ್ತಿರ ಊರುಗಳು ಇರಬೇಕಾದ ಕಾರಣವೇ ಇಲ್ಲವಾಯಿತು. ಆದರೂ ಊರುಗಳಿವೆ, ಅವುಗಳಲ್ಲಿ ಜನರಿದ್ದಾರೆ.

ಇಲ್ಲಿನ ಬದುಕನ್ನು ಅರಿಯಬೇಕಾದರೆ ಅಕ್ಟೋಬರ್ ತಿಂಗಳಿನಲ್ಲಿ ಎಲಿವೇಟರ್ ಎಂದು ಕರೆಯುವ ಸಹಕಾರಿ ಉಗ್ರಾಣದ ಮುಂದೆ ಒಂದು ಗಂಟೆ ನಿಲ್ಲಬೇಕು. ಊರಿನ ಯಾವ ಕಟ್ಟಡಕ್ಕಿಂತಲೂ ಎತ್ತರವಾದ ಕಾಂಕ್ರೀಟಿನ ಗೋಪುರಗಳು, ಅವುಗಳ ಪಕ್ಕದಲ್ಲಿ ಹಗಲೂ ರಾತ್ರಿ ಮೊರೆಯುವ ಒಣಗಿಸುವ ಯಂತ್ರ, ರಸ್ತೆಯವರೆಗೆ ಸಾಲುಗಟ್ಟಿದ ಲಾರಿಗಳು ಅಲ್ಲಿ ಕಾಣುತ್ತವೆ. ಲಾರಿ ತೂಕದ ಕಟ್ಟೆಯನ್ನು ಏರಿ ನಿಂತೊಡನೆ ಮೇಲಿನಿಂದ ಉದ್ದನೆಯ ಕೊಳವೆಯೊಂದು ಬಾಗಿ ಬಂದು, ಕಾಳಿನ ರಾಶಿಗೆ ಅಲ್ಲಲ್ಲಿ ಚುಚ್ಚಿಕೊಂಡು, ಮಾದರಿಯನ್ನು ಹೀರಿ ಕಚೇರಿಯೊಳಕ್ಕೆ ಕಳಿಸುತ್ತದೆ. ಒಳಗೆ ಕುಳಿತ ಮಹಿಳೆ ತೇವಾಂಶ ಎಷ್ಟು, ಒಡೆದ ಕಾಳು ಎಷ್ಟು ಎಂದು ನೋಡಿ ಚೀಟಿ ಬರೆಯುತ್ತಾರೆ. ಮೆಕ್ಕೆಜೋಳದ ತೇವಾಂಶ ಶೇಕಡಾ 15ನ್ನು ಮೀರಿದ್ದರೆ ಹಣದಲ್ಲಿ ಕಡಿತವಾಗುತ್ತದೆ. ಬೆಲೆಯಾದರೋ, ಮುಂದೆ ಕೊಡಬೇಕಾದ ಕಾಳಿಗೆ ಈಗಲೇ ಬೆಲೆ ಕಟ್ಟಿ ವ್ಯಾಪಾರ ಮಾಡುವ ಷಿಕಾಗೋದ ವಾಯಿದಾ ಪೇಟೆಯಲ್ಲಿ ನಿರ್ಧಾರವಾಗಿರುತ್ತದೆ. ಅದರಲ್ಲಿ ಸ್ಥಳೀಯ ವ್ಯತ್ಯಾಸವನ್ನು ಕಳೆದು ಉಳಿದದ್ದು ರೈತನ ಕೈಗೆ ಬರುತ್ತದೆ. ವರ್ಷದ ದುಡಿಮೆಯ ಮೇಲೆ ಬೀಳುವ ಈ ತೀರ್ಪನ್ನು ಲಾರಿಯ ಕಿಟಕಿಯಿಂದಲೇ ಓದಿಕೊಂಡು, ಮಾತಿಲ್ಲದೆ ಮುಂದಕ್ಕೆ ಹೋಗುವ ರೈತನ ಮುಖವನ್ನು ನೋಡಿದರೆ ದಾವಣಗೆರೆಯ ಅಥವಾ ಹಾವೇರಿಯ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಹರಾಜಿಗೆ ಕಾದು ನಿಂತವರಿಗೆ ಅವನ ಪರಿಚಯ ಕೂಡಲೇ ಆದೀತು.

ಕಟಾವಿನ ಆ ವಾರಗಳಲ್ಲಿ ನನ್ನ ಬಳಿ ಬರುವ ಗಂಡಸರು ಬೆರಳಿನ ಗಾಯಕ್ಕೆ ಹೊಲಿಗೆ ಹಾಕಿಸಿಕೊಳ್ಳುತ್ತಲೇ ಆಕಾಶದ ಕಡೆ ನೋಡುತ್ತಿರುತ್ತಾರೆ. ಎದೆನೋವನ್ನು ಮಳೆ ಬರುವ ದಿನದವರೆಗೆ ಮುಚ್ಚಿಟ್ಟುಕೊಂಡು ಬಂದವರೂ ಇದ್ದಾರೆ. ಬಿಸಿಲಿರುವ ದಿನ ಆಸ್ಪತ್ರೆಗೆ ಬಂದರೆ ಹೊಲದ ಗತಿಯೇನು ಎಂಬುದು ಅವರ ಪ್ರಶ್ನೆ. ಆದರೆ ಅವರಲ್ಲೊಬ್ಬ ನಿಜವಾಗಿಯೂ ಹಾಸಿಗೆ ಹಿಡಿದರೆ, ಅಥವಾ ತೀರಿಕೊಂಡರೆ, ಮುಂದಿನ ಒಣದಿನ ಬೆಳಿಗ್ಗೆ ಸುತ್ತಲಿನ ರೈತರು ತಮ್ಮ ಕಟಾವು ಯಂತ್ರಗಳನ್ನೂ ಲಾರಿಗಳನ್ನೂ ತಂದು ಅವನ ಹೊಲದ ಬದಿಯಲ್ಲಿ ನಿಲ್ಲಿಸುತ್ತಾರೆ. ಚರ್ಚಿನ ಮಹಿಳೆಯರು ಊಟ ತರುತ್ತಾರೆ. ನೂರಾರು ಎಕರೆಯ ಕೊಯ್ಲು ಒಂದೆರಡು ದಿನದಲ್ಲಿ ಮುಗಿಯುತ್ತದೆ. ನಮ್ಮ ಹಳ್ಳಿಗಳ ಮುಯ್ಯಾಳಿನಂತೆಯೇ ಇದು. ಆದರೆ ಮುಯ್ಯಿಯನ್ನು ಹಿಂದಿರುಗಿಸುವ ಲೆಕ್ಕವೊಂದಿರುತ್ತದೆ, ತೀರಿಕೊಂಡವನ ಬೆಳೆ ಕೊಯ್ದವರು ಅಂಥ ಯಾವ ಲೆಕ್ಕವನ್ನೂ ಇಟ್ಟಿರುವುದಿಲ್ಲ. 2020ರ ಆಗಸ್ಟ್ 10ರಂದು ಡೆರೇಚೊ ಎಂಬ ಭೀಕರ ಬಿರುಗಾಳಿ ಅಯೋವಾದ ಉದ್ದಕ್ಕೂ ಬೀಸಿ, ನಿಂತ ಬೆಳೆಯನ್ನು ಮಲಗಿಸಿ, ಉಕ್ಕಿನ ಕಣಜಗಳನ್ನು ಮುದುಡಿಸಿ ಎಸೆದಾಗಲೂ ದಾರಿಗೆ ಬಿದ್ದ ಮರಗಳನ್ನು ಎಷ್ಟೋ ಕಡೆ ಮೊದಲು ಕಡಿದು ತೆಗೆದವರು ಅಕ್ಕಪಕ್ಕದ ಮನೆಯವರೇ.

ಆ ಅಕ್ಕಪಕ್ಕದ ಮನೆಗಳು ಯಾಕೆ ಖಾಲಿಯಾದವು? ಮೊದಲ ಕಾರಣ ಯಶಸ್ಸು. ಅಯೋವಾದಲ್ಲೇ ಹುಟ್ಟಿ, ಮುಂದೆ ದೇಶದ ಉಪರಾಷ್ಟ್ರಪತಿಯಾದ ಹೆನ್ರಿ ವಾಲೆಸ್ 1926ರಲ್ಲಿ ಹೈಬ್ರಿಡ್ ಮೆಕ್ಕೆಜೋಳದ ಬಿತ್ತನೆ ಬೀಜ ಮಾರುವ ಕಂಪನಿಯನ್ನು ಆರಂಭಿಸಿದರು. ಆ ಕಾಲದಲ್ಲಿ ಎಕರೆಗೆ ಸುಮಾರು 40 ಬುಷೆಲ್ ಆಗುತ್ತಿದ್ದ ಇಳುವರಿ ಇಂದು 200 ಬುಷೆಲ್ ಆಸುಪಾಸಿನಲ್ಲಿದೆ. ನಮ್ಮ ಲೆಕ್ಕದಲ್ಲಿ ಎಕರೆಗೆ 50 ಕ್ವಿಂಟಲ್. ಬೀಜದ ಜೊತೆಗೆ ಗೊಬ್ಬರ, ಕಳೆನಾಶಕ, ದೈತ್ಯ ಯಂತ್ರಗಳು ಬಂದವು. ಹಿಂದೆ ಒಂದು ಚದರ ಮೈಲಿಯಲ್ಲಿ ನಾಲ್ಕು ಕುಟುಂಬಗಳು ಬೇಸಾಯ ಮಾಡುತ್ತಿದ್ದ ಕಡೆ ಈಗ ಒಂದೇ ಕುಟುಂಬ ಅಂಥ ಹಲವು ಚದರ ಮೈಲಿಗಳನ್ನು ಉತ್ತು ಬಿತ್ತಬಲ್ಲದು.

ಎರಡನೆಯ ಕಾರಣ 1980ರ ದಶಕದ ಆಘಾತ. ಹಿಂದಿನ ದಶಕದಲ್ಲಿ ರಫ್ತು ಏರಿ, ಭೂಮಿಯ ಬೆಲೆ ಏರಿ, ಸಾಲ ಸುಲಭವಾಗಿ ಸಿಗುತ್ತಿದ್ದುದರಿಂದ ರೈತರು ಇನ್ನಷ್ಟು ಭೂಮಿ ಕೊಂಡಿದ್ದರು. ಬಡ್ಡಿಯ ದರ ಒಮ್ಮೆಗೇ ಮೇಲೇರಿತು, ರಫ್ತು ಕುಸಿಯಿತು. ಅಯೋವಾದಲ್ಲಿ 1981ರಲ್ಲಿ ಎಕರೆಗೆ ಸರಾಸರಿ 2,147 ಡಾಲರ್ ಇದ್ದ ಭೂಮಿಯ ಬೆಲೆ 1986ಕ್ಕೆ 787 ಡಾಲರ್‌ಗೆ ಇಳಿಯಿತು. ಅಡವಿಟ್ಟ ನೆಲದ ಬೆಲೆ ಸಾಲಕ್ಕಿಂತ ಕಡಿಮೆಯಾದಾಗ ಹರಾಜು ನಡೆದವು, ಆತ್ಮಹತ್ಯೆಗಳೂ ನಡೆದವು. ಆ ದಶಕದಲ್ಲಿ ರಾಜ್ಯದ ಜನಸಂಖ್ಯೆ ಸುಮಾರು 1,37,000ದಷ್ಟು ಕುಸಿಯಿತು. ಇಂದಿಗೂ ಅರವತ್ತು ದಾಟಿದ ರೋಗಿಗಳಿಗೆ ನಿದ್ರೆ ಬರುತ್ತದೆಯೇ ಎಂದು ಕೇಳಿದಾಗ ಆ ವರ್ಷಗಳ ಮಾತು ಹೊರಬರುವುದುಂಟು.

ಜನ ಕಡಿಮೆಯಾದಾಗ ಮೊದಲು ಪೆಟ್ಟು ಬೀಳುವುದು ಶಾಲೆಗೆ. 1900ರ ಸುಮಾರಿಗೆ ಅಯೋವಾದ ಹಳ್ಳಿಗಾಡಿನಲ್ಲಿ 12,000ದಷ್ಟು ಏಕಕೊಠಡಿ ಶಾಲೆಗಳಿದ್ದವು. ಇಂದು ಇಡೀ ರಾಜ್ಯದಲ್ಲಿ ಉಳಿದಿರುವ ಶಾಲಾ ಜಿಲ್ಲೆಗಳು, ಅಂದರೆ ಒಂದೊಂದು ಪ್ರದೇಶದ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ ಘಟಕಗಳು, ಸುಮಾರು 325. ಮೂರು ನಾಲ್ಕು ಊರುಗಳ ಹೆಸರನ್ನು ಅಡ್ಡಗೆರೆಯಿಂದ ಜೋಡಿಸಿಕೊಂಡ ಶಾಲೆಗಳೇ ಎಲ್ಲೆಲ್ಲೂ ಇವೆ. ಮಕ್ಕಳ ಆಟ ನೋಡಲು ಶುಕ್ರವಾರ ಸಂಜೆ ಊರೆಲ್ಲ ಸೇರುತ್ತಿದ್ದ ಜಾಗ ಪಕ್ಕದ ಊರಿಗೆ ಹೋದರೆ, ಊರಿನ ಹೋಟೆಲು, ಅದರ ಹಿಂದೆಯೇ ದಿನಸಿ ಅಂಗಡಿ ಬಾಗಿಲು ಹಾಕುತ್ತವೆ.

ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ತಟ್ಟುವ ವಿಷಯ ಅಗ್ನಿಶಾಮಕ ದಳದ್ದು. ಇಂಥ ಊರುಗಳಲ್ಲಿ ಅದು ಪೂರ್ತಿಯಾಗಿ ಸ್ವಯಂಸೇವಕರ ದಳ. ಶಾಲೆಯ ಮೇಷ್ಟ್ರು, ಗ್ಯಾರೇಜಿನ ಮೆಕ್ಯಾನಿಕ್, ಬ್ಯಾಂಕಿನ ಗುಮಾಸ್ತೆ, ಇಬ್ಬರು ಮೂವರು ರೈತರು ಸೊಂಟಕ್ಕೆ ಪೇಜರ್ ಸಿಕ್ಕಿಸಿಕೊಂಡು ತಮ್ಮ ತಮ್ಮ ಕೆಲಸ ಮಾಡುತ್ತಿರುತ್ತಾರೆ. ಅದು ಕೂಗಿದರೆ ಕೈಯಲ್ಲಿದ್ದುದನ್ನು ಬಿಟ್ಟು ಓಡುತ್ತಾರೆ. ಕಣಜದೊಳಗೆ ಮನುಷ್ಯ ಸಿಕ್ಕಿಕೊಂಡಾಗ ಅವರು ಮಾಡುವ ಕೆಲಸವನ್ನು ಇಲ್ಲಿ ವಿವರಿಸಲೇಬೇಕು. ಕಣಜದ ತಳದಲ್ಲಿ ಕಾಳನ್ನು ಹೊರಕ್ಕೆ ಎಳೆಯುವ ತಿರುಪು ತಿರುಗುತ್ತಿರುವಾಗ ಗಟ್ಟಿಯಾದ ಹೆಂಟೆಯನ್ನು ಒಡೆಯಲೆಂದು ಒಬ್ಬ ಒಳಗಿಳಿದರೆ, ಕಾಲಡಿಯ ಕಾಳು ಜಾರಿ, ಕೆಲವೇ ಸೆಕೆಂಡುಗಳಲ್ಲಿ ಅವನು ಮಂಡಿಯವರೆಗೆ, ಆಮೇಲೆ ಎದೆಯವರೆಗೆ ಹೂತುಹೋಗುತ್ತಾನೆ. ಹಗ್ಗ ಕಟ್ಟಿ ಮೇಲಕ್ಕೆಳೆಯುವಂತಿಲ್ಲ. ಕಾಳಿನ ಹಿಡಿತ ಅಷ್ಟು ಬಿಗಿಯಾಗಿರುವುದರಿಂದ ಮೈಗೇ ಪೆಟ್ಟಾಗುತ್ತದೆ. ಆದ್ದರಿಂದ ದಳದವರು ಮೇಲಿನ ಕಿಂಡಿಯಿಂದ ಇಳಿದು, ಉದ್ದನೆಯ ಹಲಗೆಗಳನ್ನು ಒಂದೊಂದಾಗಿ ಅವನ ಸುತ್ತ ಕಾಳಿನೊಳಕ್ಕೆ ತಳ್ಳಿ, ಒಂದಕ್ಕೊಂದು ಸೇರಿಸಿ ಸಣ್ಣ ಬಾವಿಯಂಥ ಗೋಡೆ ಕಟ್ಟುತ್ತಾರೆ. ಬಳಿಕ ಗೋಡೆಯ ಒಳಗಿನ ಕಾಳನ್ನಷ್ಟೇ ಹೊರತೆಗೆಯುತ್ತಾರೆ. ಧೂಳಿನಲ್ಲಿ ಉಸಿರು ಕಟ್ಟಿ ದುಡಿಯುವ ಆ ಹೊತ್ತಿನಲ್ಲಿ ಒಬ್ಬರು ಸಿಕ್ಕಿಕೊಂಡವನ ಜೊತೆ ಮಾತಾಡುತ್ತಲೇ ಇರುತ್ತಾರೆ. ಅವರಿಗೆ ಅವನ ಹೆಂಡತಿ ಮಕ್ಕಳ ಹೆಸರೂ ಗೊತ್ತಿರುತ್ತದೆ.

ಹೊಸಬರು ಬಂದು ಊರುಗಳು ಚಿಗುರಿರುವುದೂ ಉಂಟು. ವಾಯವ್ಯ ಅಯೋವಾದ ಸ್ಟಾರ್ಮ್ ಲೇಕ್ ಪಟ್ಟಣದಲ್ಲಿ ಮಾಂಸ ಸಂಸ್ಕರಣೆಯ ಕಾರ್ಖಾನೆಗಳಿಗೆ ಮೆಕ್ಸಿಕೋ, ಲಾವೋಸ್ ಮೊದಲಾದ ದೇಶಗಳಿಂದ ಬಂದ ಕುಟುಂಬಗಳು ನೆಲೆಸಿ, ಅಲ್ಲಿನ ಶಾಲೆಗಳು ಮಕ್ಕಳಿಂದ ತುಂಬಿವೆ. ಅದೇ ಪಟ್ಟಣದ ಸಣ್ಣ ಪತ್ರಿಕೆಯ ಸಂಪಾದಕ ಆರ್ಟ್ ಕಲೆನ್ ಅವರಿಗೆ 2017ರಲ್ಲಿ ಸಂಪಾದಕೀಯ ಬರವಣಿಗೆಗಾಗಿ ಪುಲಿಟ್ಜರ್ ಪ್ರಶಸ್ತಿ ಬಂದಿತು. ಹೊಲಗಳ ಅಡಿಯಲ್ಲಿ ಹೂತಿರುವ ಬಸಿಗಾಲುವೆ ಕೊಳವೆಗಳ ಮೂಲಕ ಗೊಬ್ಬರದ ನೈಟ್ರೇಟ್ ನದಿಗೆ ಸೇರುತ್ತಿದೆಯೆಂದು ರಾಜಧಾನಿ ಡಿಮಾಯ್ನ್‌ನ ನೀರು ಸರಬರಾಜು ಸಂಸ್ಥೆ 2015ರಲ್ಲಿ ಮೂರು ಕೌಂಟಿಗಳ ವಿರುದ್ಧ ಮೊಕದ್ದಮೆ ಹೂಡಿದಾಗ, ತಮ್ಮ ಕೌಂಟಿಯ ವಾದದ ಖರ್ಚನ್ನು ಕೊಡುತ್ತಿದ್ದವರು ಯಾರೆಂದು ಆ ಪತ್ರಿಕೆ ಬಿಡದೆ ಕೇಳಿತು. ಮೊಕದ್ದಮೆ 2017ರಲ್ಲಿ ವಜಾ ಆಯಿತು, ನೀರಿನ ಸಮಸ್ಯೆ ಹಾಗೆಯೇ ಇದೆ. ತನ್ನ ಜಾಹೀರಾತುದಾರರನ್ನೂ ಓದುಗರನ್ನೂ ದಿನಾಲೂ ಎದುರಾಗಬೇಕಾದ ಊರಿನಲ್ಲಿದ್ದುಕೊಂಡು ಹಾಗೆ ಬರೆಯಲು ಎಷ್ಟು ಎದೆಗಾರಿಕೆ ಬೇಕೆಂಬುದು ಸಣ್ಣ ಊರಿನಲ್ಲಿ ಬಾಳಿದವರಿಗೆ ಗೊತ್ತು.

ನನ್ನ ವೃತ್ತಿಯ ಕಡೆಯಿಂದ ನೋಡಿದರೆ ಈಗಿನ ತುರ್ತು ಆಂಬುಲೆನ್ಸಿನದು. ಅಯೋವಾದ ಹಳ್ಳಿಗಾಡಿನಲ್ಲಿ ಅದನ್ನೂ ಬಹುಮಟ್ಟಿಗೆ ಸ್ವಯಂಸೇವಕರೇ ನಡೆಸುತ್ತಾರೆ, ಅವರಿಗೂ ವಯಸ್ಸಾಗುತ್ತಿದೆ. ಹಗಲು ಹೊತ್ತಿನಲ್ಲಿ ಕರೆ ಬಂದರೆ ಹೊರಡುವ ಪ್ರಾಯದವರು ದೂರದ ಪಟ್ಟಣಗಳಲ್ಲಿ ಕೆಲಸದಲ್ಲಿರುತ್ತಾರೆ. ಅನೇಕ ಸಣ್ಣ ಆಸ್ಪತ್ರೆಗಳು ಹೆರಿಗೆ ವಿಭಾಗವನ್ನು ಮುಚ್ಚಿರುವುದರಿಂದ ಗರ್ಭಿಣಿಯರು ಸಾಗಬೇಕಾದ ದಾರಿಯೂ ಉದ್ದವಾಗಿದೆ. ಪೊಲೀಸು, ಅಗ್ನಿಶಾಮಕಗಳಂತೆ ಆಂಬುಲೆನ್ಸನ್ನು ಅಗತ್ಯ ಸೇವೆಯೆಂದು ಕಾನೂನು ಪರಿಗಣಿಸಿರಲಿಲ್ಲ. 2021ರಲ್ಲಿ ರಾಜ್ಯದ ಶಾಸನಸಭೆ ಅದಕ್ಕೊಂದು ದಾರಿ ತೆರೆಯಿತು: ಕೌಂಟಿ ಅದನ್ನು ಅಗತ್ಯ ಸೇವೆಯೆಂದು ಘೋಷಿಸಿ, ಮತದಾರರಲ್ಲಿ ಶೇಕಡಾ 60ರಷ್ಟು ಮಂದಿ ಒಪ್ಪಿದರೆ, ಅದಕ್ಕಾಗಿ ತೆರಿಗೆ ಎತ್ತಬಹುದು. ಕೆಲವು ಕೌಂಟಿಗಳ ಜನ ಒಪ್ಪಿದ್ದಾರೆ, ಕೆಲವು ಕಡೆ ಒಪ್ಪಿಲ್ಲ. ತೆರಿಗೆಯ ಭಾರ ಮುಖ್ಯವಾಗಿ ಭೂಮಿಯ ಮೇಲೆ ಬೀಳುವುದರಿಂದ ರೈತರ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ನಮ್ಮ ಕೌಂಟಿಯಲ್ಲಿ ಈ ಪ್ರಶ್ನೆ ಇನ್ನೂ ಮತಕ್ಕೆ ಬಂದಿಲ್ಲ. ಬಂದಾಗ, ಒಪ್ಪಿ ಮತ ಕೊಡಿ ಎಂದು ಮನೆಮನೆಯ ಬಾಗಿಲು ತಟ್ಟುವವರ ಜೊತೆ ನಾನೂ ಹೋಗುತ್ತೇನೆ.

ನಮಸ್ಕಾರ.