ಲೆಕ್ಕ ಕೇಳುವವರು

ಕೇಳುಗರೆಲ್ಲರಿಗೂ ನಮಸ್ಕಾರ.

2025ರ ಮಾರ್ಚ್ 21, ಶುಕ್ರವಾರ. ಅಂದು ನಮ್ಮ ವಿಧಾನಸಭೆಯಲ್ಲಿ ನಡೆದುದನ್ನು ನಿಮ್ಮಲ್ಲಿ ಅನೇಕರು ಟಿವಿಯಲ್ಲಿ ನೋಡಿರುತ್ತೀರಿ. ಸಭಾಧ್ಯಕ್ಷರ ಪೀಠದ ಸುತ್ತ ಗದ್ದಲ, ಹರಿದು ತೂರಿದ ಕಾಗದಗಳು, ಕೊನೆಗೆ ವಿರೋಧ ಪಕ್ಷದ 18 ಶಾಸಕರಿಗೆ ಆರು ತಿಂಗಳ ಅಮಾನತು, ಮಾರ್ಷಲ್‌ಗಳು ಅವರನ್ನು ಎತ್ತಿಕೊಂಡು ಹೊರನಡೆದ ದೃಶ್ಯ. ಅದೇ ದಿನ, ಅದೇ ಗದ್ದಲದ ನಡುವೆ, ಮುಖ್ಯಮಂತ್ರಿ, ಸಚಿವರು ಮತ್ತು ಶಾಸಕರ ಸಂಬಳ ಹೆಚ್ಚಿಸುವ ಮಸೂದೆಗಳೂ ಅಂಗೀಕಾರವಾದವು. ಮುಖ್ಯಮಂತ್ರಿಯ ಸಂಬಳ 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ, ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿತು. ಚರ್ಚೆ ನಡೆಯಲಿಲ್ಲ.

ಸಂಬಳ ಹೆಚ್ಚಿದ್ದಕ್ಕೆ ನನ್ನ ತಕರಾರಿಲ್ಲ. ಶಾಸಕನಿಗೆ ಗೌರವದ ಸಂಬಳ ಸಿಗಬೇಕು. ಸಿಗದಿದ್ದರೆ ಶ್ರೀಮಂತರು ಮಾತ್ರ ಶಾಸಕರಾಗುತ್ತಾರೆ, ಅಥವಾ ಶಾಸಕರಾದವರು ಬೇರೆ ದಾರಿ ಹುಡುಕುತ್ತಾರೆ. ನನ್ನ ತಕರಾರು ವಿಧಾನದ ಮೇಲಿದೆ. ತಮ್ಮ ಸಂಬಳವನ್ನು ತಾವೇ ನಿಗದಿ ಮಾಡಿಕೊಳ್ಳುವ ಅಧಿಕಾರವನ್ನು ಸಂವಿಧಾನ ಶಾಸಕಾಂಗಕ್ಕೆ ಕೊಟ್ಟಿದೆ. ಅಂಥ ಅಧಿಕಾರ ಇರುವವರು ಅದನ್ನು ಬಳಸುವಾಗ ಇನ್ನಷ್ಟು ಸಂಕೋಚಪಡಬೇಕು, ಜನರಿಗೆ ಕಾರಣ ಹೇಳಬೇಕು. ಬ್ರಿಟನ್ನಿನಲ್ಲಿ 2009ರ ಭತ್ಯೆ ಹಗರಣದ ನಂತರ ಈ ಕೆಲಸವನ್ನು ಸಂಸದರ ಕೈಯಿಂದ ತೆಗೆದು ಒಂದು ಸ್ವತಂತ್ರ ಪ್ರಾಧಿಕಾರಕ್ಕೆ ಒಪ್ಪಿಸಿದರು. ನಮ್ಮಲ್ಲಿ ಅಂಥ ಮಾತು ಆಗೀಗ ಕೇಳಿಬರುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ.

ಸರ್ಕಾರವನ್ನು ಸಂಶಯದಿಂದ ನೋಡುವುದು ಒಳ್ಳೆಯ ನಾಗರಿಕರ ಲಕ್ಷಣವಲ್ಲ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಪ್ರಶ್ನೆ ಕೇಳಿದವನನ್ನು ‘ನೀನು ಯಾವ ಪಕ್ಷದವನು?’ ಎಂದು ತಿರುಗಿ ಕೇಳುತ್ತೇವೆ. ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆದಿದೆ. ಆ ಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ಕಾಲದ ಮಾತು ಅದು. ಒಳಗೆ ಕೂತು ಕೆಲಸ ಮಾಡುವವನಿಗೆ ಅದು ಒಳ್ಳೆಯ ಪಾಠ. ಆದರೆ ಹೊರಗೆ ನಿಂತು ಅದನ್ನು ಓದುವ ಪ್ರಜೆ, ದೇವರ ಕೆಲಸದಲ್ಲಿ ಲೆಕ್ಕ ಕೇಳುವುದು ಹೇಗೆ ಎಂದು ಕೈಮುಗಿದು ಹಿಂದೆ ಸರಿದರೆ ಅದರಿಂದ ಅಪಾಯವಿದೆ.

ನಮ್ಮ ಸಂವಿಧಾನವನ್ನು ರೂಪಿಸಿದವರು ಹೀಗೆ ಹಿಂದೆ ಸರಿದವರಲ್ಲ. ಅವರಲ್ಲಿ ಅನೇಕರು ಸರ್ಕಾರದ ಜೈಲುಗಳನ್ನು ಒಳಗಿನಿಂದ ಕಂಡಿದ್ದರು. ಅಧಿಕಾರ ಯಾರ ಕೈಯಲ್ಲಿದ್ದರೂ ಅದಕ್ಕೆ ಕಾವಲು ಬೇಕೆಂದು ಅವರಿಗೆ ಗೊತ್ತಿತ್ತು. 265ನೇ ವಿಧಿ ನೋಡಿ: ಕಾನೂನಿನ ಬಲವಿಲ್ಲದೆ ಯಾವ ತೆರಿಗೆಯನ್ನೂ ಹೇರುವಂತಿಲ್ಲ, ವಸೂಲು ಮಾಡುವಂತಿಲ್ಲ. ಬಂದ ಹಣ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಮುಖ್ಯ ಖಜಾನೆಗೆ, ಸೇರಬೇಕು. ಶಾಸಕಾಂಗ ಧನವಿನಿಯೋಗ ಕಾಯ್ದೆಯನ್ನು ಅಂಗೀಕರಿಸದೆ ಆ ನಿಧಿಯಿಂದ ಹಣ ತೆಗೆಯುವಂತಿಲ್ಲ. ಖರ್ಚಾದ ಮೇಲೆ ಲೆಕ್ಕ ನೋಡುವುದಕ್ಕೆ ಮಹಾಲೇಖಪಾಲರು, ಅಂದರೆ ಸಿಎಜಿ. ಸಂವಿಧಾನದ ಅತ್ಯಂತ ಮಹತ್ವದ ಅಧಿಕಾರಿ ಬಹುಶಃ ಇವರೇ ಎಂದು ಅಂಬೇಡ್ಕರ್ ಅವರು 1949ರ ಮೇ 30ರಂದು ಸಂವಿಧಾನ ರಚನಾ ಸಭೆಯಲ್ಲಿ ಹೇಳಿದರು. ಪ್ರಧಾನಿಯಲ್ಲ, ರಾಷ್ಟ್ರಪತಿಯಲ್ಲ, ಲೆಕ್ಕ ನೋಡುವ ಅಧಿಕಾರಿ!

ಈ ಏರ್ಪಾಡಿನಲ್ಲಿ ಮೊದಲ ಕಾವಲುಗಾರ ಶಾಸಕ. ಅವನು ಗೈರುಹಾಜರಾದರೆ ಉಳಿದದ್ದೆಲ್ಲ ಸಡಿಲವಾಗುತ್ತದೆ. ವಿಧಾನಮಂಡಲ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕೆಂದು ಕರ್ನಾಟಕದಲ್ಲಿ 2005ರಲ್ಲಿ ಒಂದು ಕಾಯ್ದೆಯನ್ನೇ ಮಾಡಲಾಯಿತು. ತಾನೇ ಮಾಡಿದ ಆ ಕಾಯ್ದೆಯನ್ನು ಬಹುತೇಕ ವರ್ಷಗಳಲ್ಲಿ ಸದನವೇ ಪಾಲಿಸಿಲ್ಲ. ನಾಲ್ಕು ಲಕ್ಷ ಕೋಟಿ ರೂಪಾಯಿಗೂ ಮೀರಿದ ಬಜೆಟ್ಟು ನಮ್ಮ ರಾಜ್ಯದ್ದು. ಒಂದೊಂದು ಇಲಾಖೆ ಸದನದ ಮುಂದಿಡುವ ಹಣದ ಬೇಡಿಕೆಯನ್ನೂ ಬಿಡಿಸಿ ನೋಡುವುದಕ್ಕೆ ಸದನ ಸೇರುವ ದಿನಗಳು ಸಾಲುವುದಿಲ್ಲ. ಸೇರಿದ ದಿನಗಳಲ್ಲೂ ಅರ್ಧ ಧರಣಿಯಲ್ಲಿ ಕಳೆಯುತ್ತದೆ.

ದಿಲ್ಲಿಯ ಸ್ಥಿತಿ ಇದಕ್ಕಿಂತ ಮೇಲಲ್ಲ. ಚರ್ಚೆಯಾಗದೆ ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಸೇರಿಸಿ ಒಂದೇ ಏಟಿಗೆ ಮತಕ್ಕೆ ಹಾಕುವ ಪದ್ಧತಿಯೊಂದಿದೆ. ಸಂಸತ್ತಿನಲ್ಲಿ ಅದನ್ನು ಗಿಲೊಟಿನ್ ಎಂದೇ ಕರೆಯುತ್ತಾರೆ. ಸಾಮಾನ್ಯವಾಗಿ ಕೆಲವು ಸಚಿವಾಲಯಗಳ ಬೇಡಿಕೆಗಳಾದರೂ ಚರ್ಚೆಯಾಗಿ, ಮಿಕ್ಕವು ಮಾತ್ರ ಗಿಲೊಟಿನ್‌ಗೆ ಹೋಗುತ್ತವೆ. 2018ರಲ್ಲಿ ಎಲ್ಲ ಸಚಿವಾಲಯಗಳ ಬೇಡಿಕೆಗಳೂ ಚರ್ಚೆಯಿಲ್ಲದೆ ಹೀಗೆ ಪಾಸಾದವು. 2023ರ ಮಾರ್ಚ್‌ನಲ್ಲಿ ಮತ್ತೆ ಅದೇ ಆಯಿತು, ಸುಮಾರು 45 ಲಕ್ಷ ಕೋಟಿ ರೂಪಾಯಿಯ ಬಜೆಟ್ಟಿಗೆ. ಆಡಳಿತ ಪಕ್ಷ ಮತ್ತು ವಿರೋಧ ಪಕ್ಷ ಪರಸ್ಪರ ಬೊಟ್ಟು ಮಾಡುತ್ತಾ ಕೂಗುತ್ತಿದ್ದವು. ದೇಶದ ಹಣ ಚರ್ಚೆಯಿಲ್ಲದೆ ಹೊರಟಿತು. ಇದು ಯಾವ ಪಕ್ಷಕ್ಕೂ ಅವಮಾನ ಅನ್ನಿಸಲಿಲ್ಲವಲ್ಲ ಎಂಬುದೇ ನನಗೆ ಹೆಚ್ಚು ನೋವಿನ ಸಂಗತಿ.

ಇನ್ನು ಪೂರಕ ಅಂದಾಜುಗಳು. ವರ್ಷದ ಮಧ್ಯದಲ್ಲಿ ಇನ್ನಷ್ಟು ಹಣ ಬೇಕೆಂದು ಸರ್ಕಾರ ಸದನದ ಮುಂದೆ ಬರುತ್ತದೆ. ನೆರೆ ಬಂದಾಗ, ಬರ ಬಿದ್ದಾಗ ಇದು ಅನಿವಾರ್ಯ. ಆದರೆ ಮೊದಲು ಕೊಟ್ಟ ಹಣವೇ ಖರ್ಚಾಗದೆ ಉಳಿದ ಬಾಬತ್ತಿಗೆ ಮತ್ತೆ ಪೂರಕ ಹಣ ಪಡೆದಿದ್ದಾರೆ ಎಂಬ ಟಿಪ್ಪಣಿ ಸಿಎಜಿ ವರದಿಗಳಲ್ಲಿ ವರ್ಷದಿಂದ ವರ್ಷಕ್ಕೆ ಮರುಕಳಿಸುತ್ತದೆ. ಮಾರ್ಚ್ ತಿಂಗಳಲ್ಲಿ ಗಡಿಬಿಡಿಯಿಂದ ಬಿಲ್ಲು ಮಾಡಿ ಹಣ ಮುಗಿಸುವ ಅಭ್ಯಾಸದ ಟಿಪ್ಪಣಿಯೂ ಹಾಗೆಯೇ.

ಟೆಂಡರ್ ವಿಷಯಕ್ಕೆ ಬನ್ನಿ. ಗುತ್ತಿಗೆಗಳಲ್ಲಿ ಪಾರದರ್ಶಕತೆ ತರಲು ಕರ್ನಾಟಕ 1999ರಲ್ಲೇ ಕಾಯ್ದೆ ಮಾಡಿತು, ಹೆಮ್ಮೆಯ ಕೆಲಸ. ಅದರ 4ನೇ ಪ್ರಕರಣದಲ್ಲಿ ಕೆಲವು ವಿನಾಯಿತಿಗಳಿವೆ. ಅವುಗಳಲ್ಲಿ ‘ಜಿ’ ಎಂಬ ಖಂಡ ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಕಾಮಗಾರಿಯೊಂದನ್ನು ಟೆಂಡರಿನಿಂದ ಹೊರಗಿಡಲು ಅವಕಾಶ ಕೊಡುತ್ತದೆ. ಗುತ್ತಿಗೆದಾರರ ವಲಯದಲ್ಲಿ, ಕಚೇರಿಗಳಲ್ಲಿ ‘4 ಜಿ’ ಎಂದರೆ ಮೊಬೈಲ್ ಎಂದು ಯಾರೂ ತಿಳಿಯುವುದಿಲ್ಲ. ಎಲ್ಲ ಪಕ್ಷದ ಸರ್ಕಾರಗಳೂ ಇದನ್ನು ಬಳಸಿವೆ. ವಿರೋಧ ಪಕ್ಷದಲ್ಲಿದ್ದಾಗ ಖಂಡಿಸಿದವರೇ ಗೆದ್ದು ಬಂದ ಮೇಲೆ ಅದೇ ಖಂಡದಡಿ ಸಹಿ ಹಾಕಿದ್ದಾರೆ. ತುರ್ತು ಸ್ಥಿತಿಗೆಂದು ಇಟ್ಟ ಬಾಗಿಲನ್ನು ದಿನನಿತ್ಯ ಓಡಾಡುವುದಕ್ಕೆ ಬಳಸುವವರನ್ನು ಸಂಶಯಿಸದೆ ಇನ್ನೇನು ಮಾಡಬೇಕು?

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಸರ್ಕಾರದ ದುಂದುವೆಚ್ಚ ಎಂದಕೂಡಲೇ ಕೆಲವರು ಬಡವರ ಅಕ್ಕಿಯ ಕಡೆಗೆ, ಹೆಣ್ಣುಮಕ್ಕಳ ಖಾತೆಗೆ ಬರುವ ಎರಡು ಸಾವಿರದ ಕಡೆಗೆ ಬೆರಳು ತೋರಿಸುತ್ತಾರೆ. ಆ ಸಂಶಯ ನನ್ನದಲ್ಲ. ಹಸಿದವರಿಗೆ ಅನ್ನ ಕೊಡುವುದು ಸರ್ಕಾರ ಮಾಡಲೇಬೇಕಾದ ಕೆಲಸ. ನನ್ನ ಪ್ರಶ್ನೆ ಆ ಹಣವನ್ನು ಎಲ್ಲಿಂದ ತೆಗೆದರು ಎಂಬುದು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಉಪಯೋಜನೆಗೆಂದೇ ಕಾಯ್ದೆ ಮಾಡಿ ಮೀಸಲಿಟ್ಟ ಹಣದಲ್ಲಿ ಸುಮಾರು 11 ಸಾವಿರ ಕೋಟಿ ರೂಪಾಯಿಯನ್ನು 2023–24ರಲ್ಲಿ ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಸೇರಿಸಲಾಯಿತು. ಫಲಾನುಭವಿಗಳಲ್ಲಿ ಆ ಸಮುದಾಯದವರೂ ಇದ್ದಾರೆ ಎಂಬುದು ಸಮರ್ಥನೆ. ಎಲ್ಲರಿಗೂ ಸಿಗುವುದನ್ನು ಕೊಟ್ಟು, ವಿಶೇಷವಾಗಿ ಸಿಗಬೇಕಾದದ್ದರ ಲೆಕ್ಕದಲ್ಲಿ ಕಳೆಯುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಮರು ವರ್ಷವೇ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಖಾತೆಯಿಂದ ಕೋಟ್ಯಂತರ ರೂಪಾಯಿ ಅಕ್ರಮವಾಗಿ ವರ್ಗಾವಣೆಯಾದ ಪ್ರಕರಣ ಬಯಲಾಯಿತು. ಅದು ಬಯಲಾದದ್ದು ನಿಗಮದ ಒಬ್ಬ ನೌಕರ ಪ್ರಾಣ ಕಳೆದುಕೊಂಡ ಮೇಲೆ. ಇಲಾಖೆಯ ಸಚಿವರು ರಾಜೀನಾಮೆ ಕೊಟ್ಟರು. ಆರೋಪಗಳನ್ನು ನ್ಯಾಯಾಲಯ ತೀರ್ಮಾನಿಸಲಿ. ಆದರೆ ಒಂದು ಜೀವ ಹೋಗುವ ತನಕ ಯಾವ ಲೆಕ್ಕಪತ್ರ, ಯಾವ ಸಮಿತಿ, ಯಾವ ಅಧಿಕಾರಿಯ ಕಣ್ಣಿಗೂ ಅದು ಬೀಳಲಿಲ್ಲ ಎಂಬುದನ್ನು ನಾವು ಮರೆಯಬಾರದು.

ಹಾಗಾದರೆ ರಾಜಕಾರಣಿಗಳ ನಡತೆಯನ್ನು ತನಿಖೆ ಮಾಡುವವರು ಯಾರು? ನಮ್ಮಲ್ಲಿ 1984ರ ಕಾಯ್ದೆಯಂತೆ ಲೋಕಾಯುಕ್ತ ಸ್ಥಾಪನೆಯಾಯಿತು. 2011ರ ಜುಲೈನಲ್ಲಿ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ಕುರಿತು ಕೊಟ್ಟ ವರದಿ ರಾಜ್ಯಕ್ಕೆ 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ನಷ್ಟವಾಗಿದೆ ಎಂದು ಹೇಳಿತು. ಅಂದಿನ ಬಿಜೆಪಿ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ದೇಶವೆಲ್ಲ ಕರ್ನಾಟಕದ ಕಡೆ ತಿರುಗಿ ನೋಡಿತು. ಐದು ವರ್ಷ ಕಳೆಯುವುದರೊಳಗೆ, 2016ರ ಮಾರ್ಚ್‌ನಲ್ಲಿ, ಕಾಂಗ್ರೆಸ್ ಸರ್ಕಾರ ಒಂದು ಆದೇಶದ ಮೂಲಕ ಭ್ರಷ್ಟಾಚಾರ ನಿಗ್ರಹ ದಳವನ್ನು ಸೃಷ್ಟಿಸಿ, ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಅದಕ್ಕೆ ಕೊಟ್ಟಿತು. ಹೊಸ ದಳ ಇದ್ದದ್ದು ಸರ್ಕಾರದ ಅಧೀನದಲ್ಲಿ. ಯಾರ ಮೇಲೆ ಕಣ್ಣಿಡಬೇಕೋ ಅವರ ಕೈಗೇ ಕಣ್ಣನ್ನು ಒಪ್ಪಿಸಿದ ಕ್ರಮ ಅದು. ಆಗ ಬಿಜೆಪಿ ಅದನ್ನು ಕಟುವಾಗಿ ಖಂಡಿಸಿತು. ಅಧಿಕಾರಕ್ಕೆ ಬಂದ ಮೇಲೆ ಆ ದಳವನ್ನು ಹಾಗೆಯೇ ಉಳಿಸಿಕೊಂಡಿತು. ಕೊನೆಗೆ 2022ರ ಆಗಸ್ಟ್ 11ರಂದು ಅದನ್ನು ರದ್ದು ಮಾಡಿದ್ದು ಹೈಕೋರ್ಟ್. ಎರಡು ಪಕ್ಷಗಳು ಒಂದೇ ಅನುಕೂಲಕ್ಕೆ ಒಪ್ಪಿಕೊಂಡದ್ದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಘಟನೆ ನನಗೆ ನೆನಪಾಗುವುದಿಲ್ಲ.

ಹಣದ ಮೇಲಿನ ಕಾವಲು ಸಡಿಲವಾದಲ್ಲಿ ಅಧಿಕಾರವೂ ತನ್ನ ಗಡಿ ದಾಟುತ್ತದೆ. ಆಧಾರ್ ಕಾಯ್ದೆಯನ್ನು 2016ರಲ್ಲಿ ಧನ ಮಸೂದೆಯಾಗಿ ಮಂಡಿಸಿದರು. ಧನ ಮಸೂದೆ ಎಂದರೆ ತೆರಿಗೆ, ಸರ್ಕಾರದ ಖರ್ಚು ಇಂಥ ಹಣಕಾಸಿನ ವಿಷಯಕ್ಕೆ ಮಾತ್ರ ಸೀಮಿತವಾದದ್ದು; ಅದಕ್ಕೆ ರಾಜ್ಯಸಭೆ ಸಲಹೆ ಕೊಡಬಹುದು, ತಡೆಯುವಂತಿಲ್ಲ. ಪ್ರತಿಯೊಬ್ಬ ಪ್ರಜೆಯ ಬೆರಳಚ್ಚಿಗೆ ಸಂಬಂಧಿಸಿದ ಕಾನೂನು ಹೀಗೆ ಬಂದಿತು. ಸುಪ್ರೀಂ ಕೋರ್ಟಿನ ಬಹುಮತ 2018ರಲ್ಲಿ ಇದನ್ನು ಒಪ್ಪಿತು. ಒಬ್ಬ ನ್ಯಾಯಮೂರ್ತಿ ಮಾತ್ರ ಇದು ಸಂವಿಧಾನಕ್ಕೆ ಮಾಡಿದ ವಂಚನೆ ಎಂದು ಭಿನ್ನಮತ ಬರೆದರು. ಪಕ್ಷಗಳಿಗೆ ಹೆಸರು ಬಯಲಾಗದಂತೆ ದೇಣಿಗೆ ಕೊಡುವ ಚುನಾವಣಾ ಬಾಂಡ್‌ಗಳ ದಾರಿಯನ್ನೂ 2017ರ ಹಣಕಾಸು ಕಾಯ್ದೆಯೊಳಗೆ ಸೇರಿಸಿ ತೆರೆದರು. ಕಂಪನಿಗಳು ಪಕ್ಷಗಳಿಗೆ ಕೊಡುವ ದೇಣಿಗೆಗೆ ಇದ್ದ, ಲಾಭದ ಏಳೂವರೆ ಶೇಕಡಾ ಎಂಬ ಮಿತಿಯನ್ನೂ ಅದರಲ್ಲೇ ತೆಗೆದುಹಾಕಿದರು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಆ ಯೋಜನೆಯನ್ನು ಅಸಿಂಧುಗೊಳಿಸುವ ಹೊತ್ತಿಗೆ ಒಂದು ಲೋಕಸಭಾ ಚುನಾವಣೆ ಮುಗಿದು ಇನ್ನೊಂದು ಹತ್ತಿರ ಬಂದಿತ್ತು.

ಇನ್ನೊಂದು ಉದಾಹರಣೆ ಕೇಳಿ. ಅಂತರ್ಜಾಲದಲ್ಲಿ ‘ಆಕ್ಷೇಪಾರ್ಹ’ ಬರಹ ಹಾಕಿದವರನ್ನು ಶಿಕ್ಷಿಸಲು ಅವಕಾಶ ಕೊಟ್ಟಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಪ್ರಕರಣ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಫೇಸ್‌ಬುಕ್ಕಿನ ಒಂದು ಬರಹಕ್ಕಾಗಿ ಇಬ್ಬರು ಯುವತಿಯರನ್ನು ಬಂಧಿಸಿದಾಗ ದೇಶಕ್ಕೆ ಅದರ ಹಲ್ಲು ಕಂಡಿತು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಆದರೂ ಆರು ವರ್ಷದ ನಂತರ, 2021ರಲ್ಲಿ, ಹಲವು ರಾಜ್ಯಗಳ ಪೊಲೀಸರು ಇನ್ನೂ ಅದೇ ಪ್ರಕರಣದಡಿ ಮೊಕದ್ದಮೆ ಹೂಡುತ್ತಿದ್ದಾರೆ ಎಂದು ತಿಳಿದು ನ್ಯಾಯಾಲಯವೇ ಆಘಾತ ವ್ಯಕ್ತಪಡಿಸಿತು. ಸತ್ತ ಕಾನೂನು ಠಾಣೆಗಳಲ್ಲಿ ಬದುಕಿತ್ತು! ಒಮ್ಮೆ ಕೈಗೆ ಬಂದ ಅಧಿಕಾರವನ್ನು ಆಡಳಿತ ತಾನಾಗಿ ಕೆಳಗಿಡುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ಇಂಥ ಹೊತ್ತಿನಲ್ಲಿ ನನಗೆ ಇಬ್ಬರು ನೆನಪಾಗುತ್ತಾರೆ. ಒಬ್ಬರು ಪುಣೆಯ ಗೋಖಲೆ ಸಂಸ್ಥೆಯ ಅರ್ಥಶಾಸ್ತ್ರದ ಪ್ರಾಧ್ಯಾಪಕ ಡಿ. ಸಿ. ವಾಧ್ವಾ. ಶಾಸಕಾಂಗ ಸೇರದ ಸಮಯದಲ್ಲಿ ತುರ್ತಿಗೆಂದು ಹೊರಡಿಸುವುದು ಸುಗ್ರೀವಾಜ್ಞೆ. ಸದನ ಮತ್ತೆ ಸೇರಿದ ಆರು ವಾರದಲ್ಲಿ ಅದು ಕಾಯ್ದೆಯಾಗಬೇಕು, ಇಲ್ಲವೇ ಬಿದ್ದುಹೋಗಬೇಕು. ಬಿಹಾರದ ಗೆಜೆಟ್‌ಗಳನ್ನು ಒಂದೊಂದಾಗಿ ತಿರುವಿ ಹಾಕಿದ ವಾಧ್ವಾ ಅವರಿಗೆ ಕಂಡದ್ದು, 1967ರಿಂದ 1981ರವರೆಗೆ 256 ಸುಗ್ರೀವಾಜ್ಞೆಗಳನ್ನು ಮತ್ತೆ ಮತ್ತೆ ಹೊರಡಿಸಿ ಜೀವಂತ ಇಟ್ಟಿದ್ದರು, ಕೆಲವನ್ನು 14 ವರ್ಷದವರೆಗೆ. ಒಂದು ರಾಜ್ಯವನ್ನು ಶಾಸಕರ ಒಪ್ಪಿಗೆಯಿಲ್ಲದೆ ಆಳಿದ್ದರು, ಶಾಸಕರು ಸುಮ್ಮನಿದ್ದರು. ಪ್ರಾಧ್ಯಾಪಕರು ಸುಪ್ರೀಂ ಕೋರ್ಟಿಗೆ ಹೋದರು. 1986ರಲ್ಲಿ ನ್ಯಾಯಾಲಯ ಇದನ್ನು ಸಂವಿಧಾನಕ್ಕೆ ಬಗೆದ ವಂಚನೆ ಎಂದು ಕರೆಯಿತು.

ಇನ್ನೊಬ್ಬರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಯೋಜನೆಗೆ ಕಾಯ್ದೆಯ ಆಧಾರವೇ ಇಲ್ಲವೆಂದು ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದಾಗ ಅವರಿಗೆ ಎಂಬತ್ತೈದು ದಾಟಿತ್ತು. ಆ ಮೊಕದ್ದಮೆಯಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಇಬ್ಬರೂ ಸರ್ಕಾರದ ಶತ್ರುಗಳಲ್ಲ. ಒಬ್ಬರು ಗೆಜೆಟ್ಟನ್ನು ಶ್ರದ್ಧೆಯಿಂದ ಓದಿದರು, ಇನ್ನೊಬ್ಬರು ಆಯುಷ್ಯವನ್ನೆಲ್ಲ ಕಾನೂನಿಗೆ ಕೊಟ್ಟಿದ್ದರು.

ಎಲ್ಲರೂ ಸುಪ್ರೀಂ ಕೋರ್ಟಿಗೆ ಹೋಗಲಾಗದು, ನಿಜ. ಆದರೆ ನಿಮ್ಮ ಬೀದಿಯ ರಸ್ತೆಗೆ ಹೋಗಬಹುದು. 2005ರ ಮಾಹಿತಿ ಹಕ್ಕು ಕಾಯ್ದೆ ಕಡತದ ನಕಲು ಪಡೆಯುವುದಕ್ಕೆ ಮಾತ್ರ ಇದೆ ಎಂದು ಬಹಳ ಜನ ತಿಳಿದಿದ್ದಾರೆ. ಅದರ 2ನೇ ಪ್ರಕರಣದ ‘ಜೆ’ ಖಂಡ ಓದಿ: ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸುವ ಹಕ್ಕು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕು ಕೂಡ ನಿಮ್ಮದು. ಅಂದಾಜು ಪಟ್ಟಿ ಕೇಳಿ, ಅಳತೆ ಪುಸ್ತಕ ಕೇಳಿ, ಹಾಕಿದ ಡಾಂಬರಿನ ಮಾದರಿ ಕೇಳಿ. ಬಡತನ ರೇಖೆಗಿಂತ ಕೆಳಗಿರುವವರು ಶುಲ್ಕ ಕೊಡಬೇಕಿಲ್ಲ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಬರಬೇಕು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಹಕ್ಕಿಗೆ ಒಂದು ತಿದ್ದುಪಡಿ ತಂದು, ವೈಯಕ್ತಿಕ ಮಾಹಿತಿ ಎಂಬ ನೆಪದಲ್ಲಿ ನಿರಾಕರಿಸುವ ದಾರಿಯನ್ನು ಅಗಲಗೊಳಿಸಿದೆ. ಅದರ ವಿರುದ್ಧವೂ ದನಿ ಎತ್ತಬೇಕು. ಆದರೆ ಕಾಮಗಾರಿಯ ಅಳತೆ ಯಾರ ಖಾಸಗಿ ವಿಷಯವೂ ಅಲ್ಲ. ಅರ್ಜಿ ನಿರಾಕರಿಸಿದರೆ ಅದೇ ಕಚೇರಿಯ ಹಿರಿಯ ಅಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ ಮಾಹಿತಿ ಆಯೋಗ. ಗ್ರಾಮಸಭೆಯಲ್ಲಿ ಎದ್ದು ನಿಂತು ಆ ಕಾಗದವನ್ನು ಗಟ್ಟಿಯಾಗಿ ಓದಿ. ‘ನೀನು ಯಾವ ಪಕ್ಷದವನು?’ ಎಂದು ಯಾರಾದರೂ ಕೇಳಿದರೆ, ತೆರಿಗೆ ಕಟ್ಟುವವನು ಎಂದು ಹೇಳಿ, ಓದುವುದನ್ನು ಮುಂದುವರಿಸಿ.

ನಮಸ್ಕಾರ.